ಮಣ್ಣಿನ ಇಂಗಾಲ: ಯಾವ ಅಂಕಿಯನ್ನು ನಂಬಬೇಕು?



ಮಣ್ಣಿನಲ್ಲಿ ಇಂಗಾಲ ಕೂಡಿಸಿದ ಬೆಳೆಗಾರನಿಗೆ ಹಣ ಕೊಡುತ್ತೇವೆಂದು ಕರಾರು ಪತ್ರ ಹಿಡಿದು ಬರುವವರು ಈಗ ಇದ್ದಾರೆ. ಕೇಂದ್ರ ಸರಕಾರವೂ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಯನ್ನು ಪ್ರಕಟಿಸಿದೆ. ದರ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆದರೆ ಮೊದಲು ಕೇಳಬೇಕಾದದ್ದು ಬೇರೆ: ಇಂದು ನನ್ನ ಹೊಲದಲ್ಲಿ ಇಂಗಾಲ ಎಷ್ಟಿದೆ, ಅದನ್ನು ಯಾವ ಆಧಾರದಿಂದ ಹೇಳುತ್ತೀರಿ? ಆರಂಭದ ಅಂಕಿಯನ್ನು ನಿಜಕ್ಕಿಂತ ಹೆಚ್ಚಿಗೆ ಬರೆದರೆ ಹತ್ತು ವರ್ಷ ದುಡಿದರೂ ರೈತನಿಗೆ ಏನೂ ದಕ್ಕದು. ಕಡಿಮೆ ಬರೆದರೆ ಇಲ್ಲದ ಸರಕು ಮಾರಿದನೆಂಬ ಹೆಸರು ಅವನಿಗೇ ಬರುತ್ತದೆ.

ಅಂಕಿಗಳಿಗೆ ಬರವಿಲ್ಲ. ಮೊದಲನೆಯದು 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡು. ಅದರ 12 ಅಂಶಗಳಲ್ಲಿ ಸಾವಯವ ಇಂಗಾಲವೂ ಒಂದು. ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.75ಕ್ಕಿಂತ ಹೆಚ್ಚಿದ್ದರೆ ಸಮೃದ್ಧಿ. ಗೊಬ್ಬರ ನಿರ್ಧರಿಸಲು ಇದು ಸಾಕು. ಆದರೆ ಮೊದಲ ಸುತ್ತುಗಳಲ್ಲಿ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದೇ ಮಾದರಿ ತೆಗೆಯುವ ಕ್ರಮವಿತ್ತು. ನಿಮ್ಮ ಹೆಸರಿನ ಕಾರ್ಡಿನಲ್ಲಿರುವುದು ನೆರೆಯವನ ಹೊಲದ ಮಣ್ಣೂ ಆಗಿರಬಹುದು.

ಎರಡನೆಯದು ಜಗತ್ತಿನ ನಕ್ಷೆಗಳು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಹೊರತಂದ ನಕ್ಷೆಯ ಒಂದೊಂದು ಚೌಕ ಸುಮಾರು ಒಂದು ಕಿಲೋಮೀಟರ್. ಅಷ್ಟರಲ್ಲಿ ನಮ್ಮ ಕಡೆ ಕಬ್ಬು, ಅರಿಷಿಣ, ಸವಳು ಭೂಮಿ ಎಲ್ಲವೂ ಬಂದುಹೋಗುತ್ತವೆ. ಉಪಗ್ರಹಕ್ಕೆ ಕಾಣುವುದು ಬರಿಯ ನೆಲದ ಮೇಲ್ಪದರ ಮಾತ್ರ. ನೆರಳು ಮರಗಳ ಕೆಳಗಿನ ಕಾಫಿ ತೋಟದ ಮಣ್ಣು ಅದಕ್ಕೆ ಕಾಣುವುದೇ ಇಲ್ಲ. ಜಿಲ್ಲೆ ಜಿಲ್ಲೆಗಳನ್ನು ಹೋಲಿಸಲು ನಕ್ಷೆ ಬೇಕು, ಒಬ್ಬ ರೈತನ ಲೆಕ್ಕಕ್ಕೆ ಅದು ಸಲ್ಲದು.

ಹಾರೂಗೇರಿಯ ಸುತ್ತಲಿನ ಎರೆ ಭೂಮಿಗೆ ಇನ್ನೂ ಎರಡು ತೊಡಕುಗಳಿವೆ. ಇಲ್ಲಿಯ ಮಣ್ಣಿನಲ್ಲಿ ಸುಣ್ಣದ ಹರಳು ಉಂಟು, ಅದರಲ್ಲಿಯೂ ಇಂಗಾಲವಿದೆ. ಮಣ್ಣನ್ನು ಪೂರ್ತಿ ಸುಟ್ಟು ಅಳೆಯುವ ಯಂತ್ರವು ಸುಣ್ಣದ ಇಂಗಾಲವನ್ನೂ ಕೂಡಿಸಿ ಹೇಳುತ್ತದೆ. ಅದನ್ನು ಕಳೆಯದಿದ್ದರೆ ಬಡ ಮಣ್ಣೂ ಸಿರಿವಂತವಾಗಿ ಕಾಣುತ್ತದೆ. ನಮ್ಮ ಪ್ರಯೋಗಶಾಲೆಗಳಲ್ಲಿ ರೂಢಿಯಲ್ಲಿರುವ 1934ರ ವಾಕ್ಲಿ–ಬ್ಲ್ಯಾಕ್ ವಿಧಾನ ಸುಣ್ಣವನ್ನು ಲೆಕ್ಕಿಸದು. ಆದರೆ ಸವಳು ಮಣ್ಣಿನ ಕ್ಲೋರೈಡು ಅದರ ಉತ್ತರವನ್ನು ಏರಿಸುತ್ತದೆ. ಮೇಲಾಗಿ ಆ ವಿಧಾನ ಸಾಮಾನ್ಯವಾಗಿ ಇಂಗಾಲದ ಮುಕ್ಕಾಲು ಭಾಗವನ್ನಷ್ಟೇ ಹಿಡಿಯುವುದರಿಂದ ಉತ್ತರವನ್ನು 1.3ರಿಂದ ಗುಣಿಸುವ ಪದ್ಧತಿಯಿದೆ. ಒಂದು ವರ್ಷ ಗುಣಿಸಿ, ಇನ್ನೊಂದು ವರ್ಷ ಬಿಟ್ಟರೆ ಹೊಲದಲ್ಲಿ ಏನೂ ಆಗದೆಯೇ ಕಾಗದದಲ್ಲಿ ಏರಿಳಿತವಾಗುತ್ತದೆ.

ಎಲ್ಲಕ್ಕೂ ಮಿಗಿಲಾಗಿ, ಶೇಕಡಾ ಮಾತ್ರದಿಂದ ಟನ್ ಗೊತ್ತಾಗದು. ಮಣ್ಣಿನ ಒಣ ತೂಕವೂ ಆಳವೂ ಬೇಕು. ಶೇ. 0.6 ಇಂಗಾಲವಿರುವ 15 ಸೆಂಟಿಮೀಟರ್ ಪದರವನ್ನು ತೆಗೆದುಕೊಳ್ಳಿ. ಒಂದು ಘನ ಸೆಂಟಿಮೀಟರ್ ಮಣ್ಣು 1.3 ಗ್ರಾಂ ತೂಗಿದರೆ ಹೆಕ್ಟೇರಿಗೆ 11.7 ಟನ್ ಇಂಗಾಲ, 1.1 ಗ್ರಾಂ ತೂಗಿದರೆ 9.9 ಟನ್. ಅಂತರ 1.8 ಟನ್. ಒಳ್ಳೆಯ ಆರೈಕೆಯಲ್ಲೂ ವರ್ಷಕ್ಕೆ ಅರ್ಧ ಟನ್ ಏರಿದರೆ ಅದೇ ದೊಡ್ಡದು. ಎರೆ ಮಣ್ಣು ಹಸಿಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ತೂಕ ತೆಗೆಯದ ಅಂಕಿಯ ಮೇಲೆ ಕರಾರಿಗೆ ಸಹಿ ಮಾಡುವುದು ಕಾಟಾ ಹಾಕದೆ ಕಬ್ಬು ಕಳಿಸಿದಂತೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಆರಂಭದ ಅಂಕಿ ಸಹಕಾರಿಯ ಕೈಯಲ್ಲಿರಬೇಕು. ಪ್ರತಿ ಹೊಲಕ್ಕೂ ಖರ್ಚು ಮಾಡಲಾಗದು ಎಂಬ ಮಾತು ನಿಜ. ಅದಕ್ಕೆ ಮಣ್ಣು ಮತ್ತು ಬೇಸಾಯ ಒಂದೇ ರೀತಿಯಿರುವ ಹೊಲಗಳನ್ನು ಗುಂಪು ಮಾಡೋಣ: ರವದಿ ಸುಡುವವರು, ಮುಚ್ಚಿಗೆ ಮಾಡುವವರು, ಸವಳು ಹೊಲದವರು, ನೆರಳಿನ ತೋಟದವರು. ಗುಂಪಿಗೆ ಕೆಲವು ಹೊಲ ಆಯ್ದು ಗುರುತುಗಲ್ಲು ನೆಟ್ಟು, ಅದೇ ಜಾಗ, ಅದೇ ತಿಂಗಳು, 30 ಸೆಂಟಿಮೀಟರ್ ಆಳ, ಅದೇ ಪ್ರಯೋಗಶಾಲೆ, ಅದೇ ವಿಧಾನ ಎಂಬ ನಿಯಮ ಇಡೋಣ. ಇಂಗಾಲದ ಬದಲಾವಣೆ ನಿಧಾನ. ಪ್ರತಿವರ್ಷ ಅಳೆಯಬೇಕಿಲ್ಲ, ಐದು ವರ್ಷಕ್ಕೊಮ್ಮೆ ಸಾಕು.

ಒಣಗಿಸಿದ ಮಣ್ಣಿನ ಒಂದೊಂದು ಬಾಟಲಿಯನ್ನು ಸಂಘದಲ್ಲೇ ಇಡೋಣ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಪ್ರಯೋಗಗಳ ಹಳೆಯ ಮಣ್ಣನ್ನು ಕೂಡಿಟ್ಟದ್ದರಿಂದಲೇ ಇಂದಿಗೂ ಅದನ್ನು ಹೊಸ ಯಂತ್ರದಲ್ಲಿ ಮತ್ತೆ ಅಳೆಯಲು ಬರುತ್ತದೆ. ತಕರಾರು ಬಂದ ದಿನ ಆ ಬಾಟಲಿಯೇ ನಮ್ಮ ಸಾಕ್ಷಿ.

ಘಟ್ಟದ ಸದಸ್ಯರಿಗೆ ಒಂದು ಮಾತು. ನೆರಳಿನ ತೋಟದ ಮಣ್ಣಿನಲ್ಲಿ ಇಂಗಾಲ ಮೊದಲೇ ತುಂಬಿರುವುದರಿಂದ ಮುಂದೆ ಏರಲು ಅವಕಾಶ ಕಡಿಮೆ. ಏರಿಕೆಗೆ ಮಾತ್ರ ಹಣ ಎಂಬ ಕರಾರು, ತಲೆಮಾರಿನಿಂದ ಮರ ಕಾಯ್ದವನಿಗೆ ಅನ್ಯಾಯ ಮಾಡುತ್ತದೆ. ಇದನ್ನು ಒಬ್ಬೊಬ್ಬರೇ ಹೇಳಿದರೆ ಯಾರೂ ಕೇಳರು, ಅಂಕಿ ಮುಂದಿಟ್ಟು ಸಂಘವೇ ಹೇಳಬೇಕು.

ಈ ವಿಷಯವನ್ನು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಠರಾವಿಗೆ ಇಡುತ್ತೇನೆ. ಅಲ್ಲಿಯವರೆಗೆ ಯಾವ ಸದಸ್ಯರೂ ಆರಂಭದ ಅಂಕಿ ಎಲ್ಲಿಂದ ಬಂತೆಂದು ಬರಹದಲ್ಲಿ ಪಡೆಯದೆ ಸಹಿ ಹಾಕಬಾರದೆಂದು ವಿನಂತಿ.

— ಕಾರ್ಯದರ್ಶಿ