ಅಪ್ಪಾಜಿಯವರ ಜೀಪು

ಮಲೆನಾಡಿನಲ್ಲಿರುವ ನಮ್ಮ ಬಂಧುಗಳ ಮನೆಯ ಕೊಟ್ಟಿಗೆಯಲ್ಲಿ ಹಳೆಯ ಜೀಪೊಂದು ಹನ್ನೆರಡು ವರ್ಷ ನಿಂತಲ್ಲಿಯೇ ನಿಂತಿತ್ತು. ಮನೆಯ ಯಜಮಾನರು ಲಿಂಗೈಕ್ಯರಾದ ಮೇಲೆ ಅದನ್ನು ಮುಟ್ಟಿದವರಿಲ್ಲ. ಗುಜರಿಗೆ ಕೊಡುವುದೋ, ದುರಸ್ತಿ ಮಾಡಿಸಿ ದಿನಬಳಕೆಗೆ ತರುವುದೋ ಎಂದು ಮಕ್ಕಳು ನಮ್ಮನ್ನು ಕೇಳಿದರು. "ಅಪ್ಪಾಜಿ ದುಡಿಸಿದ ಗಾಡಿ, ಓಡಲಿ" ಎಂದೆವು. ಅಷ್ಟನ್ನೇ ಹೇಳಿ ಸುಮ್ಮನಾದುದು ನಮ್ಮ ತಪ್ಪು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೋಡಿಸತೊಡಗಿತು. ಬಂಧುಗಳದು ಅದೇ ವಂಶದ, ಎತ್ತರದ ಬಾನೆಟ್ಟಿನ ಸಿಜೆ 3ಬಿ. ನಾಲ್ಕು ಸಿಲಿಂಡರಿನ, ಸುಮಾರು 2,200 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಬಿಚ್ಚಿ ಜೋಡಿಸಲು ಸುಲಭವಾದ ರಚನೆ.

ಹುಡುಗರು ಪಟ್ಟಣದ ಗ್ಯಾರೇಜೊಂದಕ್ಕೆ ಜೀಪನ್ನು ಒಪ್ಪಿಸಿದರು. ಎರಡು ತಿಂಗಳಲ್ಲಿ ತುಕ್ಕು ಮಾಯವಾಗಿ ಹಸಿರು ಬಣ್ಣ ಮಿರುಗಿತು, ಎಂಜಿನ್ ಹದವಾಗಿ ಮಿಡಿಯಿತು. ಸೋಮವಾರ ತಾಯಿಯವರನ್ನು ಕೂರಿಸಿಕೊಂಡು ಮಠಕ್ಕೆ ಹೊರಟಾಗ, ಇಳಿಜಾರಿನಲ್ಲಿ ಬ್ರೇಕಿನ ಪೆಡಲು ನೆಲಕ್ಕೆ ಹೋಯಿತು. ಗೇರು ಇಳಿಸಿ, ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒರಗಿಸಿದ್ದರಿಂದ ಪ್ರಾಣ ಉಳಿಯಿತು. ತಾಯಿಯವರ ಹಣೆಗೆ ಪೆಟ್ಟಾಯಿತು.

ಕಾರಣ ಒಂದು ತುಕ್ಕು ಹಿಡಿದ ಕೊಳವೆ. ಈ ಜೀಪುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಎಣ್ಣೆಯ ಒತ್ತಡ ಬರುವುದು ಒಂದೇ ಮಾರ್ಗದಿಂದ. ಒಂದೆಡೆ ಸೋರಿದರೆ ನಾಲ್ಕೂ ಕೈಬಿಡುತ್ತವೆ. ಇದನ್ನು ನೋಡಬೇಕಾದವರು ನೋಡಿರಲಿಲ್ಲ. ನೋಡಿದಿರಾ ಎಂದು ನಾವೂ ಕೇಳಿರಲಿಲ್ಲ.

ಆದ್ದರಿಂದ ಇಂತಹ ಕೆಲಸಕ್ಕೆ ಕೈಹಾಕುವ ವಾಚಕರಲ್ಲಿ ನಮ್ಮ ವಿನಂತಿ: ಮೊದಲು ಬ್ರೇಕು. ಮಾಸ್ಟರ್ ಸಿಲಿಂಡರ್, ಕೊಳವೆ, ಲೈನಿಂಗುಗಳನ್ನು ಹೊಸದಾಗಿ ಹಾಕಿಸಿರಿ. ಅನಂತರ ಸ್ಟಿಯರಿಂಗು, ಸವೆದ ಕಿಂಗ್‌ಪಿನ್ನುಗಳಿದ್ದರೆ ಚಕ್ರಗಳು ನಡುಗುತ್ತವೆ. ಬಿರುಕು ಬಿಟ್ಟ ವೈರಿಂಗು ಬೆಂಕಿಗೆ ದಾರಿ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರು ಕೊಳವೆಗಳು ಬಾಳಲಾರವು. ಅದನ್ನು ತಾಳುವಂಥವನ್ನೇ ಹಾಕಿಸಬೇಕು. ಸೀಟ್ ಬೆಲ್ಟುಗಳನ್ನು ತೆಳು ತಗಡಿಗಲ್ಲ, ಗಟ್ಟಿ ಆಧಾರಕ್ಕೆ ಬಿಗಿಸಿರಿ. ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಗೇರು ಹಾಕಬೇಡಿರಿ. ಅದು ಕೆಸರಿಗೆ, ಮರಳಿಗೆ. ಬಣ್ಣ ಕಟ್ಟಕಡೆಗೆ.

ಕಾಗದಪತ್ರಗಳ ವಿಷಯದಲ್ಲೂ ಎಚ್ಚರವಿರಲಿ. ಸ್ವಂತ ಬಳಕೆಯ ವಾಹನದ ನೋಂದಣಿಗೆ 15 ವರ್ಷದ ಅವಧಿ. ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅನುಮತಿಯಿಲ್ಲದೆ ಡೀಸೆಲ್ ಎಂಜಿನ್ ಕೂರಿಸುವುದು ಕಾನೂನಿಗೆ ವಿರುದ್ಧ. 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರವು 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿತು. ಹೆಸರಿಗೆ ಮರುಳಾಗಬೇಡಿರಿ. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯ ಓಡಿಸುವಂತಿಲ್ಲ. ತೋಟಕ್ಕೂ ಪೇಟೆಗೂ ಬೇಕೆನ್ನುವವರಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ತಕ್ಕುದು.

ಹೊರಗಿನ ಮೆರುಗಿಗಿಂತ ಒಳಗಿನ ಸತ್ವ ದೊಡ್ಡದೆಂಬುದನ್ನು ಶರಣರು ಬದುಕಿ ತೋರಿದರು. ಹಿರಿಯರ ವಸ್ತುವನ್ನು ಗೌರವಿಸುವುದೆಂದರೆ ಅದನ್ನು ಹೊಳೆಯಿಸಿ ನಿಲ್ಲಿಸುವುದಲ್ಲ, ಅದರ ಕಾಯಕಕ್ಕೆ ಅದನ್ನು ಅಣಿಗೊಳಿಸುವುದು.

ಬಂಧುಗಳು ಜೀಪನ್ನು ಮತ್ತೆ ಬಿಚ್ಚಿಸಿ, ಈ ಸಲ ಅಡಿಯಿಂದ ಆರಂಭಿಸಿದರು. ಈಗ ಅದು ದಿನವೂ ತೋಟಕ್ಕೆ ಹೋಗಿ ಬರುತ್ತಿದೆ. ದಿಬ್ಬಕ್ಕೆ ಉಜ್ಜಿದ ಗೀರನ್ನು ಮಾತ್ರ ತಾಯಿಯವರು ಅಳಿಸಗೊಟ್ಟಿಲ್ಲ. "ಮುಂದಿನವರಿಗೆ ನೆನಪಿರಲಿ" ಎನ್ನುತ್ತಾರೆ. ಮುಂದಿನ ಸೋಮವಾರ ಅವರೊಡನೆ ನಾವೂ ಅದೇ ಜೀಪಿನಲ್ಲಿ ಮಠಕ್ಕೆ ಹೋಗುವವರಿದ್ದೇವೆ.