ಜೀವಕೋಶದ ಸುಣ್ಣವೂ ಸಂಶೋಧಕನ ಬವಣೆಯೂ

ಸುಣ್ಣವೆಂದೊಡನೆ ನಮ್ಮ ಜನಕ್ಕೆ ಎಲೆಯಡಿಕೆಯ ನೆನಪಾಗುವುದು ಸಹಜವಾದುದೇ. ಆದರೆ ಆ ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿ ಕಪ್ಪೆಯ ಹೃದಯವು ಮಿಡಿಯಲಾರದೆಂಬುದನ್ನು ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು 1883ರಲ್ಲಿಯೇ ತೋರಿಸಿಕೊಟ್ಟಿದ್ದರು. ಜೀವಕೋಶದ ಒಳಗೆ ಈ ಧಾತುವು ಹೊರಗಿರುವುದರ ಸುಮಾರು 10,000ದಲ್ಲಿ ಒಂದು ಪಾಲು ಮಾತ್ರ. ಅದು ಕ್ಷಣಕಾಲ ಏರಿದರೆ ಸ್ನಾಯು ಸೆಳೆಯುವುದು, ನರವು ತನ್ನ ಸಂದೇಶವನ್ನು ಮುಂದಕ್ಕೆ ದಾಟಿಸುವುದು.

ಕೋಶವನ್ನು ಕೊಲ್ಲದೆ ಇದನ್ನು ಅಳೆಯುವ ಬಗೆಯೆಂತು? ಅಮೆರಿಕದ ರೋಜರ್ ಚೆನ್ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದ ಫ್ಯೂರಾ-2 ಎಂಬ ಬಣ್ಣವು ಕ್ಯಾಲ್ಸಿಯಮ್ಮನ್ನು ಹಿಡಿದಾಗ, 340 ನ್ಯಾನೊಮೀಟರ್ ಬೆಳಕಿನಲ್ಲಿ ಹೆಚ್ಚು ಹೊಳೆದು, 380ರ ಬೆಳಕಿನಲ್ಲಿ ಮಂಕಾಗುವುದು. ಎರಡರ ಪ್ರಮಾಣವನ್ನು ಹೋಲಿಸಿದರೆ ಬಣ್ಣವು ಎಷ್ಟು ಸೇರಿತ್ತೆಂಬ ಚಿಂತೆಯೇ ಇಲ್ಲದೆ ಲೆಕ್ಕ ಸಿಗುವುದು. ಬಣ್ಣವೂ ಒಂದಿಷ್ಟು ಕ್ಯಾಲ್ಸಿಯಮ್ಮನ್ನು ತಾನೇ ಕಬಳಿಸುವುದುಂಟು. ಅತಿಯಾಗಿ ಹಾಕಿದರೆ ಅಳತೆಗೋಲೇ ಅಳೆಯಬೇಕಾದುದನ್ನು ಕೆಡಿಸೀತು.

ಇದಕ್ಕಿಂತ ವಿಚಿತ್ರವಾದುದು ಲೋಳೆಮೀನಿನ ಕಥೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 1961ರಲ್ಲಿ ಒಸಾಮು ಶಿಮೊಮುರಾ ಎಂಬ ಜಪಾನೀ ವಿದ್ವಾಂಸರು ಆ ಜೀವಿಯ ರಸವನ್ನು ತೊಟ್ಟಿಗೆ ಚೆಲ್ಲಿದಾಗ, ಅಲ್ಲಿದ್ದ ಸಮುದ್ರದ ನೀರಿನ ಕ್ಯಾಲ್ಸಿಯಂ ತಗುಲಿ ನೀಲಿಯ ಮಿಂಚು ಎದ್ದಿತು. ಅದರೊಡನೆ ದೊರೆತ ಹಸಿರು ಹೊಳೆಯುವ ಪ್ರೋಟೀನಿನಿಂದಲೇ 2001ರಲ್ಲಿ ಜಿಕ್ಯಾಂಪ್ ಎಂಬ ಅಳತೆಗಾರನು ಸಿದ್ಧವಾದನು. ಇದನ್ನು ಹೊರಗಿನಿಂದ ತುಂಬಬೇಕಾಗಿಲ್ಲ. ಕೋಶವು ತಾನೇ ತಯಾರಿಸಿಕೊಳ್ಳುವುದು. ಬದುಕಿರುವ ಇಲಿಯ ಮಿದುಳಿನಲ್ಲಿ ನರಕೋಶಗಳು ಮಿನುಗುವುದನ್ನು ಇಂದು ಕಣ್ಣಾರೆ ನೋಡಬಹುದು.

ಈ ಹಸಿರು ಪ್ರೋಟೀನಿನ ಜೀನನ್ನು 1992ರಲ್ಲಿ ಬಿಡಿಸಿ ತೆಗೆದವರು ಡಗ್ಲಸ್ ಪ್ರಾಶರ್. ಧನಸಹಾಯವು ಮುಂದುವರಿಯದಿರಲು, ಅದನ್ನು ಬಚ್ಚಿಡದೆ ಮಾರ್ಟಿನ್ ಚಾಲ್ಫಿ ಮತ್ತು ಚೆನ್ ಅವರಿಗೆ ಕೊಟ್ಟು, ಆ ಕೆಲಸದಿಂದ ಹೊರಬಿದ್ದರು. 2008ರಲ್ಲಿ ಶಿಮೊಮುರಾ, ಚಾಲ್ಫಿ, ಚೆನ್ ಮೂವರಿಗೆ ನೊಬೆಲ್ ಬಹುಮಾನ ಬಂದ ಕಾಲಕ್ಕೆ ಪ್ರಾಶರ್ ಅವರು ಅಲಬಾಮಾದಲ್ಲಿ ಮೋಟಾರು ಮಾರುವ ಅಂಗಡಿಯೊಂದರ ಗಿರಾಕಿಗಳನ್ನು ವಾಹನದಲ್ಲಿ ಕರೆತಂದು ಬಿಡುತ್ತಿದ್ದರು. ಪ್ರಶಸ್ತಿಯು ಮೂವರಿಗಿಂತ ಹೆಚ್ಚು ಮಂದಿಗೆ ಹಂಚಲಾಗದೆಂಬ ನಿಯಮಕ್ಕೆ ನಾವು ಆಕ್ಷೇಪಿಸೆವು. ಆದರೆ ಲೋಳೆಮೀನಿನಿಂದ ಏನು ಲಾಭವೆಂದು ಕೇಳಿ ಕೈಚೀಲದ ಬಾಯಿ ಬಿಗಿಯುವ ಅಧಿಕಾರಸ್ಥರು, ಇಂತಹ ವಿದ್ವಾಂಸನೊಬ್ಬನನ್ನು ಕಳೆದುಕೊಂಡುದನ್ನು ಯಾವ ಲೆಕ್ಕದಲ್ಲಿ ಬರೆದುಕೊಳ್ಳುವರೋ ತಿಳಿಯದು. ಪ್ರಾಶರ್ ಅವರನ್ನು ಚೆನ್ ತಮ್ಮ ಪ್ರಯೋಗಶಾಲೆಗೆ ಕರೆದುಕೊಂಡುದು 2012ರಲ್ಲಿ. ಅಷ್ಟರಲ್ಲಿ 20 ವರ್ಷಗಳು ಕಳೆದುಹೋಗಿದ್ದುವು.