ಅಗ್ಗದ ಪೆನ್‌ಡ್ರೈವ್

ಅಬಲೂರಿನ ನಮ್ಮ ಮನೆಯಲ್ಲಿ ಅತ್ತೆಯವರು ಹಾಡಿದ ಬೀಸುವ ಪದಗಳನ್ನು ಮಗಳು ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ '2 ಟಿಬಿ' ಪೆನ್‌ಡ್ರೈವಿಗೆ ಮದುವೆಯ ವಿಡಿಯೋಗಳ ಜೊತೆ ಅವನ್ನೂ ತುಂಬಿ, ಮೊಬೈಲಿನಿಂದ ಅಳಿಸಿಬಿಟ್ಟೆವು. ಅತ್ತೆಯವರು ತೀರಿಕೊಂಡ ಮೇಲೆ ಹಾಕಿ ನೋಡಿದರೆ ಹೆಸರುಗಳಷ್ಟೇ ಇದ್ದವು, ದನಿ ಇಲ್ಲ! ಮೇಲೆ ಬರೆದದ್ದು 2 ಟಿಬಿ, ಒಳಗಿದ್ದದ್ದು ಬರೇ 16 ಜಿಬಿ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂಗ ಆತು ನೋಡ್ರಿ.

ಹಾಡುಗಳಿಗೆ 32 ಜಿಬಿ ಧಾರಾಳವಾಯಿತು. ಹೆಸರಾದ ಕಂಪನಿಯದನ್ನು ರಸೀದಿ ಪಡೆದೇ ಕೊಳ್ಳಿರಿ. ವಿಡಿಯೋ ರಾಶಿ ಇದ್ದರೆ ಹಾರ್ಡ್ ಡಿಸ್ಕ್ ಲೇಸು. ಜಿಬಿ ಲೆಕ್ಕಕ್ಕೆ ಅದೇ ಸೋವಿ, ಆದರೆ ಕೈಜಾರಿ ಬೀಳಬಾರದು. ಏನೇ ಕೊಂಡರೂ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿರಿ. ಅತ್ತೆಯವರ ಒಂದೇ ಒಂದು ಪದ ಉಳಿದಿದೆ, ಹಿರೇಕೆರೂರಿನ ನಾದಿನಿಯ ಮೊಬೈಲಿನಲ್ಲಿ.